ಶನಿವಾರ ರಾತ್ರಿ ಶುರುವಾಗುವ ಭಾನುವಾರ

ಕ್ರಿಸ್‌ಮಸ್ ಡಿಸೆಂಬರ್ 25ಕ್ಕೆ ಎಂಬುದು ಮಕ್ಕಳಿಗೂ ಗೊತ್ತು. ಈಸ್ಟರ್ ಯಾವತ್ತು ಎಂದು ಕೇಳಿದರೆ ಕ್ರೈಸ್ತರೂ ಗೋಡೆಯ ಕ್ಯಾಲೆಂಡರ್ ಕಡೆ ತಿರುಗುತ್ತಾರೆ. ಒಂದು ವರ್ಷ ಮಾರ್ಚ್ ಮುಗಿಯುವ ಮೊದಲೇ ಬಂದುಬಿಡುತ್ತದೆ, ಇನ್ನೊಂದು ವರ್ಷ ಏಪ್ರಿಲ್ ಮೂರನೇ ವಾರದವರೆಗೂ ಕಾಯಿಸುತ್ತದೆ. ಹೀಗೆ ವರ್ಷ ವರ್ಷವೂ ಜಾಗ ಬದಲಿಸುವ ಈ ಹಬ್ಬವೇ ಕ್ರೈಸ್ತರಿಗೆ ಎಲ್ಲಕ್ಕಿಂತ ದೊಡ್ಡದು. ಕ್ರಿಸ್‌ಮಸ್ ಆಚರಣೆ ನೆಲೆಗೊಂಡದ್ದು ನಾಲ್ಕನೇ ಶತಮಾನದಲ್ಲಿ. ಈಸ್ಟರ್ ಎರಡನೇ ಶತಮಾನದಲ್ಲೇ ಬೇರೂರಿತ್ತು, ಅದರ ತಾರೀಕಿನ ಬಗ್ಗೆ ಬಿಸಿಬಿಸಿ ವಾದವೂ ನಡೆದಿತ್ತು. ಕ್ರೈಸ್ತರು ಪ್ರತಿ ಭಾನುವಾರ ಚರ್ಚಿಗೆ ಹೋಗುವುದಕ್ಕೂ ಮೂಲ ಇದೇ: ಯೇಸು ಎದ್ದು ಬಂದದ್ದು ಭಾನುವಾರ.

ನಮ್ಮಲ್ಲಿ ಮಾತ್ರ ಸುತ್ತಲಿನವರ ಗಮನ ಹೋಗುವುದು ಎರಡು ದಿನ ಮೊದಲಿನ ಶುಕ್ರವಾರಕ್ಕೆ. ಅವತ್ತು ಸರ್ಕಾರಿ ರಜೆ, ಬ್ಯಾಂಕಿಗೂ ಬಾಗಿಲು. ಹೆಸರಿನಲ್ಲೇ ಶುಭ ಇರುವುದರಿಂದ ಸಹೋದ್ಯೋಗಿಗಳು ಪ್ರೀತಿಯಿಂದ 'ಹ್ಯಾಪಿ ಗುಡ್ ಫ್ರೈಡೆ' ಎಂದು ಸಂದೇಶ ಕಳಿಸುತ್ತಾರೆ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಆದರೆ ಅದು ಯೇಸು ಶಿಲುಬೆಯ ಮೇಲೆ ಪ್ರಾಣ ಬಿಟ್ಟ ದಿನ. ಉಪವಾಸದ, ದುಃಖದ ದಿನ. ಶುಭಾಶಯ ಹೇಳಬೇಕೆನಿಸಿದರೆ ಭಾನುವಾರ ಬೆಳಿಗ್ಗೆ ಹೇಳಿ. 'ಹ್ಯಾಪಿ ಈಸ್ಟರ್' ಅಂದರೂ ಸರಿ, ಕನ್ನಡ ಕಥೊಲಿಕರ ಮನೆಯಾದರೆ 'ಪಾಸ್ಕ ಹಬ್ಬದ ಶುಭಾಶಯ' ಅಂದರೆ ಮನೆಯವರ ಮುಖ ಅರಳುತ್ತದೆ.

ಹಬ್ಬದ ನಿಜವಾದ ಪ್ರವೇಶ ಭಾನುವಾರ ಬೆಳಿಗ್ಗೆಯೂ ಅಲ್ಲ, ಅದರ ಹಿಂದಿನ ರಾತ್ರಿ. ಈಸ್ಟರ್ ಎಂದರೇನು ಎಂದು ಪುಸ್ತಕ ಓದಿ ತಿಳಿಯುವುದಕ್ಕಿಂತ ಆ ಶನಿವಾರ ರಾತ್ರಿ ಚರ್ಚಿನ ಅಂಗಳದಲ್ಲಿ ನಿಂತು ತಿಳಿಯುವುದು ಹೆಚ್ಚು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಲ್ಲಿಗೆ ಹೋಗುವ ಮೊದಲು ಒಂದಷ್ಟು ವಿಷಯ ಗೊತ್ತಿದ್ದರೆ ಒಳ್ಳೆಯದು.

ಹುಣ್ಣಿಮೆಯ ಲೆಕ್ಕ

ಯೇಸುವನ್ನು ಜೆರುಸಲೇಮಿನಲ್ಲಿ ಶಿಲುಬೆಗೇರಿಸಿದ್ದು ಯೆಹೂದ್ಯರ ಪಾಸ್ಕ ಹಬ್ಬದ ಸಮಯದಲ್ಲಿ. ಈಜಿಪ್ಟಿನಲ್ಲಿ ಗುಲಾಮರಾಗಿದ್ದ ಇಸ್ರಯೇಲರು ಬಿಡುಗಡೆ ಹೊಂದಿದ ನೆನಪಿಗೆ ಆಚರಿಸುವ ಆ ಹಬ್ಬ ಚಾಂದ್ರಮಾನದ್ದು, ನಿಸಾನ್ ತಿಂಗಳ ಹುಣ್ಣಿಮೆಯದು. ಹಾಗಾಗಿ ಚಂದ್ರನ ನಂಟು ಈಸ್ಟರಿಗೆ ಹುಟ್ಟಿನಿಂದಲೇ ಬಂತು. ಏಷ್ಯಾ ಮೈನರಿನ ಕ್ರೈಸ್ತರು, ಯಾವ ವಾರವಾದರೂ ಆಗಲಿ, ನಿಸಾನ್ ಹದಿನಾಲ್ಕಕ್ಕೇ ಹಬ್ಬ ಮಾಡುತ್ತಿದ್ದರು. ರೋಮಿನವರು ಭಾನುವಾರವೇ ಆಗಬೇಕೆಂದರು. ಸುಮಾರು 155ರಲ್ಲಿ ಸ್ಮಿರ್ನಾದ ಧರ್ಮಾಧ್ಯಕ್ಷ ಪಾಲಿಕಾರ್ಪ್ ರೋಮಿಗೆ ಬಂದು ಅಲ್ಲಿನ ಧರ್ಮಾಧ್ಯಕ್ಷ ಅನಿಸೇಟಸ್ ಜೊತೆ ಮಾತಾಡಿದರು. ಒಬ್ಬರನ್ನೊಬ್ಬರು ಒಪ್ಪಿಸಲಾಗಲಿಲ್ಲ. ಆದರೂ ಒಂದೇ ಪೀಠದಲ್ಲಿ ಪೂಜೆ ಅರ್ಪಿಸಿ, ಸಮಾಧಾನದಿಂದ ಬೀಳ್ಕೊಂಡರು. ಆ ಬೀಳ್ಕೊಡುಗೆ ನನಗೆ ತುಂಬಾ ಇಷ್ಟ.

325ರಲ್ಲಿ ನಿಸೇಯ ಮಹಾಸಭೆ, ಎಲ್ಲರೂ ಒಂದೇ ಭಾನುವಾರ ಆಚರಿಸಬೇಕು ಎಂದು ತೀರ್ಮಾನಿಸಿತು. ಮುಂದೆ ನೆಲೆನಿಂತ ಸೂತ್ರ ಇದು: ಹಗಲು ರಾತ್ರಿ ಸಮವಾಗುವ ದಿನವನ್ನು ಮಾರ್ಚ್ 21 ಎಂದಿಟ್ಟುಕೊಳ್ಳಿ. ಅವತ್ತು ಅಥವಾ ಅದಾದ ಮೇಲೆ ಬರುವ ಮೊದಲ ಹುಣ್ಣಿಮೆ ಹಿಡಿಯಿರಿ. ಆ ಹುಣ್ಣಿಮೆ ಕಳೆದು ಬರುವ ಮೊದಲ ಭಾನುವಾರ ಈಸ್ಟರ್. ಹುಣ್ಣಿಮೆಯೇ ಭಾನುವಾರ ಬಿದ್ದರೆ ಮುಂದಿನ ಭಾನುವಾರ. 2025ರಲ್ಲಿ ಹಾಗೇ ಆಯಿತು: ಚರ್ಚಿನ ಲೆಕ್ಕದ ಹುಣ್ಣಿಮೆ ಏಪ್ರಿಲ್ 13ರ ಭಾನುವಾರ ಬಿದ್ದಿತು, ಹಬ್ಬ ಏಪ್ರಿಲ್ 20ಕ್ಕೆ ಹೋಯಿತು. ಈ ಸೂತ್ರದಂತೆ ಈಸ್ಟರ್ ಮಾರ್ಚ್ 22ಕ್ಕಿಂತ ಮೊದಲು, ಏಪ್ರಿಲ್ 25ಕ್ಕಿಂತ ಆಮೇಲೆ ಬರುವಂತಿಲ್ಲ.

'ಚರ್ಚಿನ ಲೆಕ್ಕದ ಹುಣ್ಣಿಮೆ' ಎಂದು ಬೇಕೆಂದೇ ಬರೆದೆ. ಆಕಾಶ ನೋಡಿ ಹಬ್ಬ ಗೊತ್ತು ಮಾಡುವುದಿಲ್ಲ. 19 ವರ್ಷಕ್ಕೊಮ್ಮೆ ತಿರುಗಿ ಬರುವ ಚಂದ್ರಚಕ್ರದ ಪಟ್ಟಿಯಿಂದ ಲೆಕ್ಕ ಹಾಕುತ್ತಾರೆ. ಆಕಾಶಕ್ಕೂ ಪಟ್ಟಿಗೂ ಕೆಲವೊಮ್ಮೆ ಒಂದೆರಡು ದಿನದ ವ್ಯತ್ಯಾಸ ಬರುತ್ತದೆ. 2019ರಲ್ಲಿ ಆ ಸಣ್ಣ ವ್ಯತ್ಯಾಸವೇ ಹಬ್ಬವನ್ನು ಒಂದು ತಿಂಗಳು ಮುಂದಕ್ಕೆ ತಳ್ಳಿತು. ಆ ವರ್ಷ ನಿಜವಾದ ಹುಣ್ಣಿಮೆ ಹೋಳಿಯ ಹೊತ್ತಿಗೆ, ಮಾರ್ಚ್ 21ರಂದೇ ಇತ್ತು. ಪಟ್ಟಿಯ ಪ್ರಕಾರ ಅದು ಒಂದು ದಿನ ಮೊದಲೇ ಆಗಿಹೋಗಿತ್ತು. ಹಾಗಾಗಿ ಮುಂದಿನ ಹುಣ್ಣಿಮೆಗೆ ಕಾಯಬೇಕಾಯಿತು, ಈಸ್ಟರ್ ಏಪ್ರಿಲ್ 21ಕ್ಕೆ ಬಂತು.

ನಮ್ಮ ಪಂಚಾಂಗ ಬಲ್ಲವರಿಗೆ ಇದನ್ನು ನೆನಪಿಡಲು ಸುಲಭ ದಾರಿಯಿದೆ. ಈಸ್ಟರ್ ಸಾಮಾನ್ಯವಾಗಿ ಹೋಳಿ ಹುಣ್ಣಿಮೆಯ ಬೆನ್ನಿಗೆ, ಇಲ್ಲವೇ ದವನದ ಹುಣ್ಣಿಮೆಯ ಬೆನ್ನಿಗೆ ಬರುತ್ತದೆ. 2024ರಲ್ಲಿ ಹೋಳಿ ಮಾರ್ಚ್ 25ಕ್ಕೆ, ಈಸ್ಟರ್ ಮಾರ್ಚ್ 31ಕ್ಕೆ. 2023ರಲ್ಲಿ ಬೆಂಗಳೂರಿನ ತಿಗಳರಪೇಟೆಯಿಂದ ಚೈತ್ರ ಪೂರ್ಣಿಮೆಯ ಕರಗ ಹೊರಟ ಅದೇ ವಾರ, ಏಪ್ರಿಲ್ 9ಕ್ಕೆ ಈಸ್ಟರ್. ಒಂದೇ ಚಂದ್ರನ ಕೆಳಗೆ ಎರಡು ಜಾಗರಣೆ. ಊರಿನ ಅರ್ಧ ಜನಕ್ಕೆ ಒಂದು ಗೊತ್ತು, ಇನ್ನರ್ಧಕ್ಕೆ ಇನ್ನೊಂದು.

ಈ ಲೆಕ್ಕಕ್ಕಾಗಿಯೇ ಇಡೀ ಜಗತ್ತಿನ ಕ್ಯಾಲೆಂಡರ್ ತಿದ್ದಲಾಯಿತು ಎಂಬುದು ಹಲವರಿಗೆ ಗೊತ್ತಿಲ್ಲ. ಜೂಲಿಯನ್ ಕ್ಯಾಲೆಂಡರಿನ ವರ್ಷ ಸೂರ್ಯನ ವರ್ಷಕ್ಕಿಂತ ಸುಮಾರು 11 ನಿಮಿಷ ಉದ್ದ. ಹನ್ನೊಂದು ನಿಮಿಷ ಏನು ಮಹಾ ಅನಿಸಬಹುದು. 128 ವರ್ಷಕ್ಕೆ ಅದು ಒಂದು ದಿನವಾಗುತ್ತದೆ. ಹದಿನಾರನೇ ಶತಮಾನದ ಹೊತ್ತಿಗೆ ಹಗಲು ರಾತ್ರಿ ಸಮವಾಗುವ ದಿನ ಮಾರ್ಚ್ 11ಕ್ಕೆ ಜಾರಿತ್ತು, ಈಸ್ಟರ್ ತನ್ನ ಋತುವಿನಿಂದ ದೂರ ಸರಿಯುತ್ತಿತ್ತು. ಜಗದ್ಗುರು ಹದಿಮೂರನೇ ಗ್ರೆಗೊರಿಯವರು, ಅಲೋಯ್ಸಿಯಸ್ ಲಿಲಿಯಸ್ ಎಂಬ ವೈದ್ಯರ ಯೋಜನೆಯಂತೆ, 1582ರಲ್ಲಿ ಹತ್ತು ದಿನ ತೆಗೆದುಹಾಕಿದರು. ಆ ವರ್ಷ ಅಕ್ಟೋಬರ್ 4ರ ಮರುದಿನ ಅಕ್ಟೋಬರ್ 15. ಇವತ್ತು ನಮ್ಮ ಸಂಬಳ, ಪರೀಕ್ಷೆ, ರೈಲು ಟಿಕೆಟ್ ಎಲ್ಲ ನಡೆಯುವುದು ಪಾಸ್ಕ ಹಬ್ಬವನ್ನು ಸರಿಯಾದ ಜಾಗಕ್ಕೆ ತರಲು ತಿದ್ದಿದ ಆ ಕ್ಯಾಲೆಂಡರಿನ ಮೇಲೆ.

ಗ್ರೀಸ್, ರಷ್ಯಾ ಮೊದಲಾದ ಕಡೆಯ ಆರ್ಥಡಾಕ್ಸ್ ಸಭೆಗಳು ಈಸ್ಟರಿಗೆ ಹಳೆಯ ಜೂಲಿಯನ್ ಲೆಕ್ಕವನ್ನೇ ಇಟ್ಟುಕೊಂಡಿವೆ. ಅದಕ್ಕೇ ಸುದ್ದಿಯಲ್ಲಿ ಕೆಲವು ವರ್ಷ ಎರಡು ಈಸ್ಟರ್ ಕಾಣುವುದು. 2024ರಲ್ಲಿ ಅವರದು ಮೇ 5, ಐದು ವಾರ ತಡ. 2025ರಲ್ಲಿ ಎರಡೂ ಒಂದೇ ದಿನ. ಕರ್ನಾಟಕದಲ್ಲಿರುವ ಮಲಂಕರ ಸಂಪ್ರದಾಯದ ಸಭೆಗಳು ಉಳಿದವರ ಜೊತೆಯಲ್ಲೇ ಆಚರಿಸುವುದರಿಂದ ಇಲ್ಲಿ ಆ ಗೊಂದಲವಿಲ್ಲ.

ಮೂರು ದಿನ, ಒಂದೇ ಪೂಜೆ

ಈಸ್ಟರಿಗೆ 46 ದಿನ ಮೊದಲು, ಬೂದಿ ಬುಧವಾರದಂದು ತಪಸ್ಸುಕಾಲ ಶುರು. ನಡುವಿನ ಆರು ಭಾನುವಾರ ಕಳೆದರೆ ಉಪವಾಸದ ನಲವತ್ತು ದಿನ. ಹಣೆಗೆ ಇಡುವ ಬೂದಿ ಹಿಂದಿನ ವರ್ಷ ಗರಿಗಳ ಭಾನುವಾರ ಆಶೀರ್ವದಿಸಿ ಕೊಟ್ಟ ಗರಿಗಳನ್ನು ಸುಟ್ಟು ಮಾಡಿದ್ದು. ವರ್ಷವಿಡೀ ದೇವರ ಪಟದ ಹಿಂದೆ ಸಿಕ್ಕಿಸಿಟ್ಟ ಒಣಗರಿಯನ್ನು ಜನ ಚರ್ಚಿಗೆ ಮರಳಿಸುತ್ತಾರೆ.

ಗುರುವಾರ ಸಂಜೆಯಿಂದ ಭಾನುವಾರದವರೆಗೆ ನಡೆಯುವುದನ್ನು ಬೇರೆ ಬೇರೆ ಹಬ್ಬಗಳೆಂದು ಎಣಿಸಬಾರದು. ಕಥೊಲಿಕ ಪೂಜಾವಿಧಿಯಲ್ಲಿ ಅದು ಒಂದೇ ಉದ್ದದ ಆರಾಧನೆ. ಗುರುವಾರ ರಾತ್ರಿ ಯೇಸುವಿನ ಕೊನೆಯ ಭೋಜನದ ಸ್ಮರಣೆ. ಗುರುಗಳು ಮೇಲುಡುಪು ಕಳಚಿ, ಸೊಂಟಕ್ಕೆ ಟವೆಲ್ ಕಟ್ಟಿ, ಊರಿನವರ ಪಾದ ತೊಳೆಯುತ್ತಾರೆ. ಮೊದಲು ಗಂಡಸರ ಪಾದ ಮಾತ್ರ ತೊಳೆಯುತ್ತಿದ್ದರು. 2016ರಲ್ಲಿ ಜಗದ್ಗುರು ಫ್ರಾನ್ಸಿಸ್ ಆ ನಿಯಮ ಬದಲಿಸಿ ಹೆಂಗಸರನ್ನೂ ಸೇರಿಸಿದರು. ಆ ಪೂಜೆಯ ಕೊನೆಯಲ್ಲಿ ಸಮಾಪ್ತಿಯ ಆಶೀರ್ವಾದವಿಲ್ಲ. ಪೀಠದ ಬಟ್ಟೆ ಕಳಚುತ್ತಾರೆ, ಗಂಟೆ ಮೌನವಾಗುತ್ತದೆ. ಗಂಟೆ ಬೇಕಾದ ಕಡೆ ಮರದ ಗಿಲಕಿ ಬಾರಿಸುತ್ತಾರೆ. ಬೆಳ್ತಂಗಡಿ, ಭದ್ರಾವತಿ ಕಡೆ ನೆಲೆಸಿರುವ ಸಿರೋ ಮಲಬಾರ್ ಮನೆಗಳಲ್ಲಿ ಆ ರಾತ್ರಿ ಮನೆಯ ಹಿರಿಯರು ಹುಳಿ ಬರಿಸದ ಪೆಸಹಾ ಅಪ್ಪವನ್ನು ಮುರಿದು ಎಲ್ಲರಿಗೂ ಹಂಚುತ್ತಾರೆ.

ಶುಭ ಶುಕ್ರವಾರ ಬಲಿಪೂಜೆಯೇ ಇಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಯೊವಾನ್ನರ ಶುಭಸಂದೇಶದಿಂದ ಯೇಸುವಿನ ಯಾತನೆಯ ವೃತ್ತಾಂತವನ್ನು ಪೂರ್ತಿ ಓದುತ್ತಾರೆ, ಜನ ಸಾಲಾಗಿ ಬಂದು ಶಿಲುಬೆಗೆ ಮುತ್ತಿಡುತ್ತಾರೆ. ಉಪವಾಸದ ನಿಯಮ 18ರಿಂದ 59 ವರ್ಷದವರಿಗೆ: ಒಂದು ಪೂರ್ತಿ ಊಟ, ಬೇಕಿದ್ದರೆ ಎರಡು ಸಲ ಸ್ವಲ್ಪ ಸ್ವಲ್ಪ ಆಹಾರ, ಮಾಂಸ ಇಲ್ಲ. ಅನೇಕರು ಇದಕ್ಕಿಂತ ಕಠಿಣವಾಗಿ, ಗಂಜಿ ಕುಡಿದೇ ದಿನ ಕಳೆಯುತ್ತಾರೆ. ಶಿಲುಬೆ ಹಾದಿಯ ಹದಿನಾಲ್ಕು ಸ್ಥಳಗಳನ್ನು ಬಿಸಿಲಲ್ಲಿ ನಡೆಯುವವರೂ ಇದ್ದಾರೆ. ಶನಿವಾರ ಹಗಲು ಏನೂ ಇಲ್ಲ. ಪೀಠ ಬೋಳು, ಬಾಗಿಲು ತೆರೆದ ಪ್ರಸಾದದ ಪೆಟ್ಟಿಗೆ ಖಾಲಿ.

ಶುಕ್ರವಾರ ಮಧ್ಯಾಹ್ನ ಸತ್ತು ಭಾನುವಾರ ಮುಂಜಾನೆ ಎದ್ದರೆ ಮೂರು ದಿನ ಹೇಗಾಯಿತು ಎಂದು ಮಕ್ಕಳು ಕೇಳುತ್ತಾರೆ. ಯೆಹೂದ್ಯರ ಎಣಿಕೆಯಲ್ಲಿ ದಿನದ ಒಂದು ತುಣುಕೂ ಒಂದು ದಿನ; ಶುಕ್ರ, ಶನಿ, ಭಾನು ಸೇರಿ ಮೂರು. ಜೊತೆಗೆ, ಅವರಲ್ಲಿ ದಿನ ಶುರುವಾಗುವುದು ಸೂರ್ಯ ಮುಳುಗಿದಾಗ. ಅದಕ್ಕೇ ಶನಿವಾರ ಕತ್ತಲಾದ ಕೂಡಲೇ ಚರ್ಚಿಗೆ ಭಾನುವಾರ.

ಬೆಂಕಿಯಿಂದ ನೀರಿನವರೆಗೆ

ಪಾಸ್ಕ ಜಾಗರಣೆ ಕತ್ತಲಾದ ಮೇಲೆಯೇ ಶುರುವಾಗಬೇಕು, ಬೆಳಗಾಗುವುದರೊಳಗೆ ಮುಗಿಯಬೇಕು ಎಂಬುದು ನಿಯಮ. ಇದು ಹಾಗೇ ಉಳಿದು ಬಂದದ್ದಲ್ಲ. ಮಧ್ಯಯುಗದಲ್ಲಿ ಈ ಜಾಗರಣೆ ಜಾರುತ್ತಾ ಜಾರುತ್ತಾ ಶನಿವಾರ ಬೆಳಿಗ್ಗೆಗೆ ಬಂದು ನಿಂತಿತ್ತು. ಬಿಸಿಲು ಕಿಟಕಿಯಿಂದ ಸುರಿಯುತ್ತಿರುವಾಗ, ನಾಲ್ಕೈದು ಜನರ ಎದುರು, ಗುರುಗಳು ಈ ಪುಣ್ಯ ರಾತ್ರಿಯೇ ಎಂದು ಹಾಡಬೇಕಾಗಿತ್ತು. ಜಗದ್ಗುರು ಹನ್ನೆರಡನೇ ಪಿಯುಸ್ 1951ರಲ್ಲಿ ಪ್ರಯೋಗವಾಗಿ ಇದನ್ನು ರಾತ್ರಿಗೆ ತಂದರು. 1955ರ ಆಜ್ಞೆಯ ಮೂಲಕ ಮರುವರ್ಷದಿಂದ ಎಲ್ಲೆಡೆ ಜಾರಿಯಾಯಿತು. ಇಪ್ಪತ್ತನೇ ಶತಮಾನದ ಸುಧಾರಣೆಗಳಲ್ಲಿ ಜನರಿಗೆ ಇಷ್ಟು ದೊಡ್ಡದನ್ನು ಮರಳಿ ಕೊಟ್ಟದ್ದು ಬೇರೊಂದಿಲ್ಲ ಎಂದು ನಾನು ನಂಬಿದ್ದೇನೆ.

ಅಂಗಳದಲ್ಲಿ ಸೌದೆ ಜೋಡಿಸಿ ಬೆಂಕಿ ಹಾಕಿರುತ್ತಾರೆ. ಚರ್ಚಿನ ದೀಪಗಳೆಲ್ಲ ಆರಿವೆ. ಸ್ವಿಚ್ ಬೋರ್ಡ್ ಹತ್ತಿರ ಒಬ್ಬ ನಂಬಿಕಸ್ಥರನ್ನು ನಿಲ್ಲಿಸಿರುತ್ತಾರೆ. ಗುರುಗಳು ಬೆಂಕಿಯನ್ನು ಆಶೀರ್ವದಿಸಿ, ಆಳೆತ್ತರವೋ ಅರ್ಧಾಳೆತ್ತರವೋ ಇರುವ ಪಾಸ್ಕ ಮೊಂಬತ್ತಿಯನ್ನು ಹಿಡಿಯುತ್ತಾರೆ. ಹತ್ತಿರ ಹೋಗಿ ನೋಡಿ. ಅದರ ಮೈಮೇಲೆ ಒಂದು ಶಿಲುಬೆ, ಮೇಲೆ ಕೆಳಗೆ ಗ್ರೀಕ್ ವರ್ಣಮಾಲೆಯ ಮೊದಲ ಮತ್ತು ಕೊನೆಯ ಅಕ್ಷರಗಳಾದ ಆಲ್ಫಾ, ಒಮೆಗಾ, ಶಿಲುಬೆಯ ನಾಲ್ಕು ಮೂಲೆಗಳಲ್ಲಿ ಆ ವರ್ಷದ ನಾಲ್ಕು ಅಂಕಿ. ಅಂಕಿಗಳನ್ನು ಮೊದಲೇ ಅಂಟಿಸಿದ್ದರೂ ಗುರುಗಳು ಒಂದೊಂದನ್ನೂ ಮೊನೆಯಿಂದ ಮುಟ್ಟಿ, ಕಾಲವೆಲ್ಲ ಕ್ರಿಸ್ತನದು ಎಂಬರ್ಥದ ಮಾತು ಹೇಳುತ್ತಾರೆ. ಆಮೇಲೆ ಐದು ಧೂಪದ ಕಾಳುಗಳನ್ನು ಶಿಲುಬೆಯ ಆಕಾರದಲ್ಲಿ ಮೇಣಕ್ಕೆ ಚುಚ್ಚುತ್ತಾರೆ: ಎರಡು ಕೈ, ಎರಡು ಕಾಲು, ಪಕ್ಕೆ, ಯೇಸುವಿನ ಐದು ಗಾಯ. ಎದ್ದು ಬಂದ ಯೇಸುವಿನ ಮೈಮೇಲೂ ಆ ಗಾಯಗಳು ಉಳಿದಿದ್ದವು ಎನ್ನುತ್ತದೆ ಶುಭಸಂದೇಶ. ಬೆಳಕಿನ ಗುರುತಾದ ಮೊಂಬತ್ತಿಯಿಂದಲೂ ಅವನ್ನು ಅಳಿಸಿಲ್ಲ.

ಮೊಂಬತ್ತಿ ಹೊತ್ತು ಕತ್ತಲ ಚರ್ಚಿನೊಳಗೆ ಮೆರವಣಿಗೆ. ಬಾಗಿಲಲ್ಲಿ, ನಡುವೆ, ಪೀಠದ ಮುಂದೆ, ಹೀಗೆ ಮೂರು ಕಡೆ ನಿಂತು, ಪ್ರತಿ ಸಲ ಸ್ವರ ಏರಿಸಿ ಕ್ರಿಸ್ತನ ಬೆಳಕನ್ನು ಹಾಡಿ ಸಾರುತ್ತಾರೆ. ಆ ಒಂದು ಜ್ವಾಲೆಯಿಂದ ಜನರ ಕೈಯ ಸಣ್ಣ ಮೊಂಬತ್ತಿಗಳು ಹತ್ತಿಕೊಳ್ಳುತ್ತಾ ಹೋಗುತ್ತವೆ. ಉರಿಯುತ್ತಿರುವ ಮೊಂಬತ್ತಿಯನ್ನು ನೆಟ್ಟಗೆ ಹಿಡಿಯಬೇಕು, ಹತ್ತದ ಮೊಂಬತ್ತಿಯನ್ನೇ ಬಾಗಿಸಿ ಹತ್ತಿಸಿಕೊಳ್ಳಬೇಕು. ಇಲ್ಲದಿದ್ದರೆ ಬಿಸಿ ಮೇಣ ಪಕ್ಕದವರ ಸೀರೆಯ ಮೇಲೆ. ಅಜ್ಜಿಯರು ಮೊಮ್ಮಕ್ಕಳ ಕೈ ಹಿಡಿದು ಇದನ್ನು ಕಲಿಸುತ್ತಿರುವುದು ಕಾಣುತ್ತದೆ. ಎಲ್ಲ ಹತ್ತಿದ ಮೇಲೆ ಆ ರಾತ್ರಿಯನ್ನೇ ಕೊಂಡಾಡುವ ಉದ್ದದ ಪಾಸ್ಕ ಗೀತೆ. ಆ ಗೀತೆಯಲ್ಲಿ ಮೇಣ ಮಾಡಿಕೊಟ್ಟ ಜೇನುಹುಳುಗಳಿಗೂ ಜಾಗವಿದೆ.

ಮುಂದೆ ಕೂತು ಕೇಳುವ ಹೊತ್ತು. ಹಳೆಯ ಒಡಂಬಡಿಕೆಯಿಂದ ಏಳು, ಹೊಸದರಿಂದ ಎರಡು ವಾಚನ. ಸೃಷ್ಟಿಯ ಕತೆ, ಅಬ್ರಹಾಮ ಮಗನನ್ನು ಬಲಿಗೆ ಒಯ್ದ ಕತೆ, ಪ್ರವಾದಿಗಳ ಮಾತು. ಸಮಯವಿಲ್ಲದ ಕಡೆ ಏಳನ್ನು ಮೂರಕ್ಕಿಳಿಸಬಹುದು. ಆದರೆ ವಿಮೋಚನಕಾಂಡದ ಹದಿನಾಲ್ಕನೇ ಅಧ್ಯಾಯವನ್ನು ಮಾತ್ರ ಯಾವ ಕಾರಣಕ್ಕೂ ಬಿಡುವಂತಿಲ್ಲ. ಹಿಂದೆ ಫರೋಹನ ರಥ, ಮುಂದೆ ಸಮುದ್ರ, ನಡುವೆ ಓಡಿಹೋಗುತ್ತಿರುವ ಗುಲಾಮರು. ನೀರು ಸೀಳಿ ದಾರಿಯಾಗುತ್ತದೆ. ಹುಣ್ಣಿಮೆಯ ಲೆಕ್ಕ ಎಲ್ಲಿಂದ ಬಂತೋ ಆ ಕತೆ ಇದೇ. ಯೇಸುವಿನ ಸಾವನ್ನೂ ಎದ್ದುಬರುವಿಕೆಯನ್ನೂ ಮೊದಲ ಕ್ರೈಸ್ತರು ಅರ್ಥ ಮಾಡಿಕೊಂಡದ್ದು ಈ ಬಿಡುಗಡೆಯ ಮೂಲಕ: ಅಲ್ಲಿ ಫರೋಹನಿಂದ, ಇಲ್ಲಿ ಪಾಪದಿಂದ, ಸಾವಿನಿಂದ.

ಹಳೆಯ ಒಡಂಬಡಿಕೆ ಮುಗಿದದ್ದೇ, ಗುರುವಾರದಿಂದ ಸುಮ್ಮನಿದ್ದ ಗಂಟೆಗಳು ಒಟ್ಟಿಗೆ ಬಾರಿಸುತ್ತವೆ. ಸ್ವಿಚ್ ಬೋರ್ಡ್ ಹತ್ತಿರ ನಿಂತವರು ತಮ್ಮ ಕೆಲಸ ಮಾಡುತ್ತಾರೆ, ಇಡೀ ಚರ್ಚು ಬೆಳಗುತ್ತದೆ. ತಪಸ್ಸುಕಾಲವಿಡೀ ಒಮ್ಮೆಯೂ ಹಾಡದ 'ಅಲ್ಲೆಲೂಯ' ಆಮೇಲೆ ಮೂರು ಸಲ ಏರುತ್ತದೆ. ಇಷ್ಟು ದಿನ ಬಾಯಿಗೆ ಬಾರದಿದ್ದ ಹಾಡು ಒಮ್ಮೆಲೇ ಬಂದಾಗ ಹಳಬರಿಗೂ ಗಂಟಲು ಕಟ್ಟುತ್ತದೆ.

ಮತ್ತೆ ನೀರು. ಪಾಸ್ಕ ಮೊಂಬತ್ತಿಯನ್ನು ನೀರಿಗೆ ಇಳಿಸಿ ಆಶೀರ್ವದಿಸುತ್ತಾರೆ. ಆದಿ ಕಾಲದ ಚರ್ಚು ಹೊಸಬರಿಗೆ ದೀಕ್ಷಾಸ್ನಾನ ಕೊಡುತ್ತಿದ್ದುದು ಮುಖ್ಯವಾಗಿ ಈ ರಾತ್ರಿಯೇ. ನಲವತ್ತು ದಿನದ ತಪಸ್ಸು ಬೆಳೆದುಬಂದದ್ದೂ ಅವರ ತಯಾರಿಯ ಜೊತೆಗೇ. ನೀರಿನಲ್ಲಿ ಮುಳುಗುವುದು ಯೇಸುವಿನೊಂದಿಗೆ ಸಾಯುವುದು, ಮೇಲೇಳುವುದು ಯೇಸುವಿನೊಂದಿಗೆ ಏಳುವುದು ಎಂದು ಪೌಲರು ರೋಮಿನವರಿಗೆ ಬರೆದ ಪತ್ರದ ಭಾಗವನ್ನು ಸ್ವಲ್ಪ ಮೊದಲು ಓದಿರುತ್ತಾರೆ. ಈಗಾಗಲೇ ಸ್ನಾನ ಪಡೆದವರು ಮೊಂಬತ್ತಿ ಮತ್ತೆ ಹೊತ್ತಿಸಿ, ಕೆಡುಕನ್ನು ತ್ಯಜಿಸುತ್ತೇನೆ ಎಂದು ಮಾತು ಕೊಡುತ್ತಾರೆ. ಗುರುಗಳು ಎಲ್ಲರ ಮೇಲೆ ನೀರು ಚಿಮುಕಿಸುತ್ತಾರೆ. ಕೊನೆಗೆ ಪರಮಪ್ರಸಾದ.

ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಹೆಚ್ಚು ಮಹತ್ವ ಭಾನುವಾರ ಸೂರ್ಯೋದಯದ ಆರಾಧನೆಗೆ. ಜರ್ಮನಿಯ ಹೆರ್ನ್‌ಹುಟ್‌ನಲ್ಲಿ ಮೊರೇವಿಯನ್ ಯುವಕರು 1732ರ ಈಸ್ಟರಿನ ಮುಂಜಾನೆ ಊರಿನ ಸಮಾಧಿಭೂಮಿಯಲ್ಲಿ ಸೇರಿ ಹಾಡಿದ್ದರಿಂದ ಈ ಪದ್ಧತಿ ಹರಡಿತು.

ಯಾರೂ ನೋಡದ ಗಳಿಗೆ

ಇಷ್ಟೆಲ್ಲ ಯಾವ ಘಟನೆಗಾಗಿಯೋ ಅದನ್ನು ಕಣ್ಣಾರೆ ಕಂಡವರಿಲ್ಲ. ನಾಲ್ಕು ಶುಭಸಂದೇಶಗಳಲ್ಲಿ ಯಾವುದೂ ಯೇಸು ಏಳುವ ಗಳಿಗೆಯನ್ನು ವರ್ಣಿಸುವುದಿಲ್ಲ. ಅವು ಹೇಳುವುದು ಆಮೇಲಿನದನ್ನು: ಸರಿದ ಕಲ್ಲು, ಬರಿದಾದ ಸಮಾಧಿ, ಮತ್ತೆ ಎದುರಾದ ಯೇಸು. ಮೊದಲು ಹೋದವರು ಹೆಂಗಸರು, ಸುಗಂಧದ್ರವ್ಯ ಹಿಡಿದು ಹೆಣದ ಸೇವೆಗೆಂದು ಹೋದವರು. ಅವರ ಮಾತು ಶಿಷ್ಯರಿಗೆ ಹುರುಳಿಲ್ಲದ್ದಾಗಿ ಕಂಡಿತು ಎಂದು ಲೂಕ ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ. ಹೆಂಗಸರ ಸಾಕ್ಷ್ಯಕ್ಕೆ ಹೆಚ್ಚು ಬೆಲೆಯಿಲ್ಲದ ಕಾಲದಲ್ಲಿ ಕತೆ ಕಟ್ಟುವವರು ಇಂಥ ಸಾಕ್ಷಿಗಳನ್ನು ಆರಿಸುತ್ತಿರಲಿಲ್ಲ ಎಂಬ ವಾದ ನನಗೆ ಬಲವಾಗಿ ಕಾಣುತ್ತದೆ. ಮಗ್ದಲದ ಮರಿಯಳು ಯೇಸುವನ್ನು ಮೊದಲು ತೋಟದ ಮಾಲಿ ಎಂದುಕೊಂಡಳು. ಹೆಸರು ಹಿಡಿದು ಕರೆದಾಗಲೇ ಗುರುತಾದದ್ದು. ಈಕೆಯ ಜುಲೈ 22ರ ಸ್ಮರಣೆಯನ್ನು ಪ್ರೇಷಿತರ ಹಬ್ಬಗಳ ಮಟ್ಟಕ್ಕೆ ಏರಿಸಿದ್ದು 2016ರಲ್ಲಿ. ತುಂಬಾ ತಡವಾಗಿ ಸಂದ ಗೌರವ.

ಇದನ್ನು ಪುನರ್ಜನ್ಮ ಎಂದು ತಿಳಿಯಬಾರದು. ಬೇರೊಂದು ದೇಹದಲ್ಲಿ ಮತ್ತೆ ಹುಟ್ಟುವ ಮಾತು ಇಲ್ಲಿಲ್ಲ. ಆತ್ಮ ಮಾತ್ರ ಉಳಿಯಿತು ಎಂಬ ಮಾತೂ ಅಲ್ಲ: ಎದ್ದ ಯೇಸು ಮೀನು ತಿನ್ನುತ್ತಾನೆ, ಶಿಷ್ಯ ತೋಮನಿಗೆ ಗಾಯ ಮುಟ್ಟಿ ನೋಡು ಎನ್ನುತ್ತಾನೆ. ಯೇಸುವೇ ಬದುಕಿಸಿದ ಲಾಜರ ಮುಂದೊಂದು ದಿನ ಮತ್ತೆ ಸಾಯಬೇಕಾದವನು. ಯೇಸುವಿಗೆ ಇನ್ನು ಸಾವಿಲ್ಲ, ಮತ್ತು ಈ ಎದ್ದುಬರುವಿಕೆ ಎಲ್ಲರಿಗೂ ಬರಲಿರುವುದರ ಮೊದಲ ಫಲ. ಕ್ರಿಸ್ತ ಎದ್ದಿಲ್ಲವಾದರೆ ನಮ್ಮ ನಂಬಿಕೆಯೇ ವ್ಯರ್ಥ ಎಂಬರ್ಥದ ಮಾತನ್ನು ಪೌಲರು ಕೊರಿಂಥದವರಿಗೆ ಬರೆದದ್ದು ಘಟನೆ ನಡೆದು ಸುಮಾರು ಇಪ್ಪತ್ತೈದು ವರ್ಷಕ್ಕೆ. ಕ್ರೈಸ್ತ ಧರ್ಮ ತನ್ನೆಲ್ಲವನ್ನೂ ಈ ಒಂದು ಮಾತಿನ ಮೇಲೆ ಒತ್ತೆಯಿಟ್ಟಿದೆ.

ಹೋಗಬೇಕೆನಿಸಿದರೆ

ಹಬ್ಬ ಒಂದು ದಿನಕ್ಕೆ ಮುಗಿಯುವುದಿಲ್ಲ. ಪಾಸ್ಕ ಕಾಲ ಐವತ್ತು ದಿನ, ಪಂಚಾಶತ್ತಮ ಹಬ್ಬದವರೆಗೆ. ಅಲ್ಲಿಯವರೆಗೂ ಆ ದೊಡ್ಡ ಮೊಂಬತ್ತಿ ಪೀಠದ ಬಳಿ ಇರುತ್ತದೆ. ಆಮೇಲೆ ದೀಕ್ಷಾಸ್ನಾನದ ತೊಟ್ಟಿಯ ಪಕ್ಕಕ್ಕೆ. ಮುಂದಿನ ಪಾಸ್ಕದವರೆಗೆ ಮಗುವಿನ ದೀಕ್ಷಾಸ್ನಾನಕ್ಕೂ ಅದನ್ನೇ ಹೊತ್ತಿಸುತ್ತಾರೆ, ಶವಪೆಟ್ಟಿಗೆಯ ಪಕ್ಕದಲ್ಲೂ ಅದನ್ನೇ. ಊಟದ ವಿಷಯ ಹೇಳಬೇಕಿಲ್ಲ: ಮಂಗಳೂರಿನ ಕೊಂಕಣಿ ಮನೆಗಳಲ್ಲಿ ಸಾನ್ನಾಂ ಮತ್ತು ಹಂದಿ ಮಾಂಸ, ಬೆಂಗಳೂರಿನ ಬೇಕರಿಗಳಲ್ಲಿ ಮಾರ್ಜಿಪಾನ್ ಮೊಟ್ಟೆ.

ಕ್ರೈಸ್ತರಲ್ಲದವರೂ ಜಾಗರಣೆಗೆ ಹೋಗಬಹುದು, ಯಾರೂ ತಡೆಯುವುದಿಲ್ಲ. ಹೊತ್ತು ಊರಿಂದೂರಿಗೆ ಬೇರೆ. ಅದೇ ವಾರ ಚರ್ಚಿನ ಸೂಚನಾ ಫಲಕ ನೋಡಿಕೊಳ್ಳಿ, ಅಥವಾ ಪರಿಚಯದವರನ್ನು ಕೇಳಿ. ಬೆಂಕಿ ಹೊರಗೆ ಹಾಕುವುದರಿಂದ ಹದಿನೈದು ನಿಮಿಷ ಮೊದಲೇ ಅಂಗಳದಲ್ಲಿರಿ. ತಡವಾಗಿ ಹೋದರೆ ಬೆಳಕಿನ ಭಾಗವೇ ತಪ್ಪಿಹೋಗುತ್ತದೆ. ಮೊಂಬತ್ತಿ ಸಾಮಾನ್ಯವಾಗಿ ಬಾಗಿಲಲ್ಲೇ ಸಿಗುತ್ತದೆ, ಮೇಣ ಕೈಗೆ ಬೀಳದಂತೆ ಒಂದು ಕಾಗದದ ಲೋಟ ಒಯ್ದರೆ ಒಳ್ಳೆಯದು. ಎರಡರಿಂದ ಮೂರು ಗಂಟೆ ಹಿಡಿಯುತ್ತದೆ, ಚಿಕ್ಕ ಮಕ್ಕಳಿದ್ದರೆ ಬಾಗಿಲ ಬಳಿ ಕೂರಿ. ಪರಮಪ್ರಸಾದ ದೀಕ್ಷಾಸ್ನಾನ ಪಡೆದು ಸಿದ್ಧರಾದ ಕಥೊಲಿಕರಿಗೆ ಮಾತ್ರ. ಆಗ ಕೂತಲ್ಲೇ ಇದ್ದರೆ ಸಾಕು. 2027ರಲ್ಲಿ ಈಸ್ಟರ್ ಮಾರ್ಚ್ 28ಕ್ಕೆ, 2028ರಲ್ಲಿ ಏಪ್ರಿಲ್ 16ಕ್ಕೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುವುದಾದರೆ ಅದರ ಹಿಂದಿನ ಶನಿವಾರಕ್ಕೆ ಹಾಕಿ.